ಹನ್ನೊಂದು ರೂಪಾಯಿಯ ಬಿಲ್ಲು

ಪುಣೆ, ಶಿವಾಜಿನಗರ
೧೨ ಜುಲೈ ೧೯೩೨

ತಂಗಿ ಸಾವಂತ್ರವ್ವನಿಗೆ ಅಣ್ಣ ಮುರುಗೆಪ್ಪನ ಆಶೀರ್ವಾದ.

ಹೋದ ಪತ್ರದಲ್ಲಿ ನೀನು ಮುಕ್ಕಾಲು ಪುಟ ಉಪ್ಪಿನಕಾಯಿಗೆ ಕೊಟ್ಟು, ಶಿರೂರಿನ ಮನೆಯ ಸುದ್ದಿಗೆ ಎರಡೇ ಸಾಲು ಉಳಿಸಿದ್ದೆ. ಈ ಸಲ ನಿನ್ನ ಯಜಮಾನ ಈರಬಸಪ್ಪನವರ ಅಂಗಡಿ ಹೇಗೆ ನಡೆದಿದೆ, ಮಗಳು ಇಂದೂ ಯಾವ ಇಯತ್ತೆಯಲ್ಲಿ ಇದ್ದಾಳೆ, ಎಲ್ಲ ಬರೆ. ಉಪ್ಪಿನಕಾಯಿ ಬರಣಿಯಲ್ಲಿ ಕಳಿಸು, ಕಾಗದದಲ್ಲಿ ಬೇಡ.

ದವಾಖಾನೆ ಹೊಸ ಜಾಗಕ್ಕೆ ಬಂದು ತಿಂಗಳಾಯಿತು. ಬಾಗಿಲಿಗೆ ಹಿತ್ತಾಳೆಯ ಪಾಟಿ ಹಾಕಿಸಿದ್ದೇನೆ: ಕಣ್ಣಿನ ಡಾಕ್ಟರ್. ಮರಾಠಿಯಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು, ಕೆಳಗೆ ಸಣ್ಣದಾಗಿ ಕನ್ನಡದಲ್ಲಿ ಒಂದು. ಕಾಂಪೌಂಡರ್ ಪಂಢರಿನಾಥ, "ಇದನ್ನು ಇಲ್ಲಿ ಯಾರು ಓದುತ್ತಾರೆ?" ಎಂದು ಕೇಳಿದ. ನನ್ನ ತಂಗಿ ಓದುತ್ತಾಳೆ ಎಂದೆ.

ರೋಗಿಗಳ ರೊಕ್ಕವನ್ನು ನಾನು ಇನ್ನೂ ಕೈಯಿಂದ ಮುಟ್ಟುವುದಿಲ್ಲ. ಹೊರಗಿನ ಕೋಣೆಯಲ್ಲಿ ಒಂದು ತಾಟು, ಅದರ ಮೇಲೊಂದು ಬಟ್ಟೆ. ಜನ ಬಟ್ಟೆಯಂಚು ಎತ್ತಿ ಒಳಗೆ ಹಾಕಿ ಹೋಗುತ್ತಾರೆ. ಯಾರು ಎಷ್ಟು ಹಾಕಬೇಕೆಂಬುದನ್ನು ಪಂಢರಿನಾಥ ಅವರ ಕಾಲು ನೋಡಿ ಹೇಳುತ್ತಾನೆ. ಬೂಟಿಗೆ ಎರಡು ರೂಪಾಯಿ, ಚಪ್ಪಲಿಗೆ ಒಂದು, ಬರಿಗಾಲಿಗೆ ನಾಲ್ಕಾಣೆ. ಮೊನ್ನೆ ಒಬ್ಬ ಸಾವಕಾರ ಇದನ್ನು ಹೇಗೋ ತಿಳಿದುಕೊಂಡು ಬೂಟು ಹೊರಗೇ ಬಿಟ್ಟು ಬರಿಗಾಲಲ್ಲಿ ಬಂದ. ಪಂಢರಿನಾಥ ಎದ್ದು ಹೋಗಿ ಬಾಗಿಲಲ್ಲಿದ್ದ ಜೋಡುಗಳನ್ನೆಲ್ಲ ಎಣಿಸಿಕೊಂಡು ಬಂದ. ನಿನ್ನ ಅತ್ತಿಗೆ ನರ್ಮದಾ ಇದನ್ನು ಕೇಳಿ ಊಟ ಮಾಡುವಾಗ ನಕ್ಕಳು, ಅನ್ನ ನೆತ್ತಿಗೇರಿತು.

ಪಂಚಮಿಗೆ ತಪ್ಪದೆ ಬಾ, ಶಿರೂರಿನಿಂದ ಪುಣೆಗೆ ಮೋಟಾರು ಬಸ್ಸಿನಲ್ಲಿ ಮೂರೇ ತಾಸಿನ ದಾರಿ. ಬೈಲಹೊಂಗಲದ ಮನೆ ಮಾರಿದ ಮೇಲೆ ನಿನಗೆ ತವರೆಂದರೆ ಈ ಪುಣೆಯ ಮನೆಯೇ. ಅಪ್ಪ ಅವ್ವ ಇಲ್ಲವೆಂದು ಪಂಚಮಿಯೂ ಇಲ್ಲವೆಂದಾಗಬಾರದು.

ಮುರುಗೆಪ್ಪ


ಶಿರೂರು
೨೦ ಜುಲೈ ೧೯೩೨

ಅಣ್ಣನಿಗೆ ಸಾವಂತ್ರವ್ವನ ನಮಸ್ಕಾರ.

ನಿನ್ನ ಪಂಢರಿನಾಥನಿಗೆ ಹೇಳು, ಪಂಚಮಿಗೆ ನಾನು ಬಂದಾಗ ನನ್ನ ಕಾಲು ನೋಡಬೇಡವೆಂದು. ಹೊಸ ಚಪ್ಪಲಿ ಹಾಕಿಕೊಂಡು ಬರುತ್ತೇನೆ. ಉಪ್ಪಿನಕಾಯಿಯನ್ನು ಬರಣಿಯಲ್ಲಿಯೇ ತರುತ್ತೇನೆ.

ಇಂದೂ ಮರಾಠಿ ಶಾಲೆಯ ಮೂರನೆಯ ಇಯತ್ತೆ. ಕನ್ನಡವನ್ನು ನಾನೇ ಮನೆಯಲ್ಲಿ ಕಲಿಸುತ್ತಿದ್ದೇನೆ. ಅಪ್ಪ ನಮಗೆ ಕಲಿಸಿದ ಹಾಗೆ ಬೂದಿ ಹರಡಿ ಬೆರಳಿಂದ ತಿದ್ದಿಸುತ್ತೇನೆ. ಅಕ್ಷರ ದುಂಡಗಿವೆ, ಆದರೆ ಅಪ್ಪನ ಹಾಗೆ ಬೆತ್ತ ಹಿಡಿಯುವ ಧೈರ್ಯ ನನಗಿಲ್ಲ. ಸೂಜಿಗೆ ದಾರ ಪೋಣಿಸಲು ನನಗೆ ಈಗ ಇವಳೇ ಬೇಕು. ನಲವತ್ತೈದಕ್ಕೇ ಮುದುಕಿಯಾದೆನೆಂದು ಇವರು ಚೇಷ್ಟೆ ಮಾಡುತ್ತಾರೆ.

ಮುಖ್ಯ ವಿಷಯ ಇದು. ಅಂಗಡಿಯಲ್ಲಿ ಜೋಳದ ಚೀಲ ಸುರಿಯುವಾಗ ಇವರ ಕಣ್ಣಿಗೆ ತೆನೆಯ ಮುಳ್ಳಿನಂಥ ಸುಂಕು ಹೊಕ್ಕಿದೆ. ನಾಲ್ಕು ದಿನವಾಯಿತು, ಕಣ್ಣು ಕೆಂಡದ ಹಾಗಿದೆ. "ಡಾಕ್ಟರ ಕಡೆ ಹೋಗ್ರಿ" ಅಂದರೆ, "ನಿಮ್ಮಣ್ಣ ನಮ್ಮ ಕಡೆ ರೊಕ್ಕ ತಗೋಳ್ಳಂಗಿಲ್ಲ, ಪುಗಸಟ್ಟೆ ಔಷಧಾ ನನಗ ಬ್ಯಾಡ" ಎನ್ನುತ್ತಾರೆ. ದಲಾಲಿಯ ಮೇಲೆ ನಡೆಯುವ ಅಡತಿ ವ್ಯಾಪಾರದವರ ಬುದ್ಧಿ ನಿನಗೆ ಗೊತ್ತಲ್ಲ. ಚೀಲ ಇಳಿಸಿದವನಿಗೆ, ತೂಗಿದವನಿಗೆ, ಹೊಲಿದವನಿಗೆ ಎಲ್ಲರಿಗೂ ಒಂದು ದರ. ಮಾಡಿದ ಕೆಲಸಕ್ಕೆ ದರವಿಲ್ಲದಿದ್ದರೆ ಇವರಿಗೆ ನಿದ್ದೆ ಬರುವುದಿಲ್ಲ. ಹೇಗೋ ಒಪ್ಪಿಸಿ ಸೋಮವಾರದ ಮೋಟಾರಿಗೆ ಕಳಿಸುತ್ತಿದ್ದೇನೆ.

ಅವರು ಏನೇ ಅನ್ನಲಿ, ನೀನು ಒಂದು ಪೈಸೆ ಮುಟ್ಟಬೇಡ. ತಂಗಿಯ ಮನೆಯ ರೊಕ್ಕ ತವರಿಗೆ ಹೋಯಿತೆಂದರೆ ನಾನು ಇಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಸಾವಂತ್ರವ್ವ


ಪುಣೆ
೧೦ ಸೆಪ್ಟೆಂಬರ್ ೧೯೩೨

ತಂಗಿ ಸಾವಂತ್ರವ್ವನಿಗೆ,

ಪಂಚಮಿಗೆ ನೀನು ಬಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನೀನು ಕಟ್ಟಿದ ಉಂಡಿಗಳನ್ನು ನರ್ಮದಾ ಬಚ್ಚಿಟ್ಟು ದಿನಕ್ಕೆ ಒಂದರಂತೆ ಕೊಡುತ್ತಾಳೆ. ಮಾತಿನ ಗದ್ದಲದಲ್ಲಿ ನಿನ್ನ ಕಣ್ಣು ನೋಡುವುದು ಉಳಿದೇ ಹೋಯಿತು. ಮುಂದಿನ ಸಲ ಬಂದಾಗ ಒಂದು ಚಾಳೀಸಿನ ಕನ್ನಡಕ ಮಾಡಿಸಿ ಕೊಡುತ್ತೇನೆ.

ಈರಬಸಪ್ಪನವರ ಕಣ್ಣು ಪೂರ್ತಿ ವಾಸಿಯಾಯಿತು. ನಾಲ್ಕು ಸಲ ಬರಬೇಕಾಯಿತು, ಪಾಪ. ಕೊನೆಯ ದಿನ ನಮ್ಮಿಬ್ಬರ ನಡುವೆ ಸ್ವಲ್ಪ ಮಾತಾಯಿತು. ಜಗಳವಲ್ಲ. ಆದರೆ ನಿನಗೆ ಹೇಳುವಂಥದ್ದೂ ಅಲ್ಲ.

ತಾಟಿನ ಕಾಲ ಮುಗಿಯಿತು. ಆಪರೇಶನ್ ಕೋಣೆಗೆ ತೆಗೆದ ಸಾಲ ತಿಂಗಳಿಗೊಮ್ಮೆ ಬಾಗಿಲು ಬಡಿಯುತ್ತದೆ. ಪಂಢರಿನಾಥನ ಜೋಡಿನ ಲೆಕ್ಕವೂ ಊರಿಗೆಲ್ಲ ಗೊತ್ತಾಗಿ, ಬೆಳಿಗ್ಗೆ ಬಂದವರೆಲ್ಲ ಬರಿಗಾಲವರೇ. ಅದಕ್ಕೇ ಗೋಡೆಗೆ ದರದ ಫಲಕ ಹಾಕಿಸಿದೆ. ಮೊದಲ ತಪಾಸಣೆ ಎರಡು ರೂಪಾಯಿ. ಕಣ್ಣಿನ ಕಸ ತೆಗೆಯಲು ಐದು. ಪಟ್ಟಿ ಕಟ್ಟಲು ಒಂದು. ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಶನ್ ಎಪ್ಪತ್ತೈದು. ಕೆಳಗೆ ಒಂದು ಸಾಲು ಬರೆಸಿದ್ದೇನೆ: ಇಲ್ಲದವರು ಡಾಕ್ಟರರನ್ನು ಕಾಣಬೇಕು. ತಿಂಗಳ ಕೊನೆಗೆ ಬಾಕಿ ಉಳಿದವರಿಗೆಲ್ಲ ಅಚ್ಚು ಹಾಕಿದ ಬಿಲ್ಲು ಹೋಗುತ್ತದೆ. ಡಾಕ್ಟರಿಗೂ ರೋಗಿಗೂ ಇಬ್ಬರಿಗೂ ನಾಚಿಕೆಯಿಲ್ಲದ ಪದ್ಧತಿ. ಮೊದಲೇ ಮಾಡಬೇಕಾಗಿತ್ತು.

ಮುರುಗೆಪ್ಪ


ಬಿಲ್ಲು
೨೪ ಸೆಪ್ಟೆಂಬರ್ ೧೯೩೨

ಶ್ರೀ ಈರಬಸಪ್ಪ, ಅಡತಿ ವ್ಯಾಪಾರಿಗಳು, ಶಿರೂರು, ಇವರಿಗೆ.
ಮೊದಲ ತಪಾಸಣೆ: ರೂ. ೨
ಕಣ್ಣಿನ ಕಸ ತೆಗೆದದ್ದು: ರೂ. ೫
ಪಟ್ಟಿ, ಮೂರು ಸಲ: ರೂ. ೩
ಹನಿ ಔಷಧ: ರೂ. ೧
ಒಟ್ಟು ರೂ. ೧೧. ಹದಿನೈದು ದಿನಗಳ ಒಳಗೆ ತಲುಪಿಸಬೇಕಾಗಿ ವಿನಂತಿ.
ಡಾ. ಮುರುಗೆಪ್ಪ


ಶಿರೂರು
೩ ಅಕ್ಟೋಬರ್ ೧೯೩೨

ಡಾಕ್ಟರ ಮುರುಗೆಪ್ಪನವರಿಗೆ ಸಾವಂತ್ರವ್ವನ ನಮಸ್ಕಾರ.

ನಮ್ಮ ಮನೆಯಿಂದ ನಿಮಗೆ ಬರಬೇಕಾದ ಹನ್ನೊಂದು ರೂಪಾಯಿಯನ್ನು ಮೋಟಾರಿನ ಡ್ರೈವರನ ಕೈಯಲ್ಲಿ ಕಳಿಸಿದ್ದೇನೆ. ಹದಿನೈದು ದಿನದ ಒಳಗೇ ಮುಟ್ಟುತ್ತದೆ. ಎಣಿಸಿಕೊಳ್ಳಬೇಕು. ರಸೀದಿ ಕಳಿಸುವುದು ಬೇಡ, ಅಂಗಡಿಯ ವಿಳಾಸಕ್ಕಂತೂ ಬೇಡ.

ಎಲ್ಲರೂ ಚೆನ್ನಾಗಿದ್ದೇವೆ.

ಸಾವಂತ್ರವ್ವ


ಪುಣೆ
೯ ಅಕ್ಟೋಬರ್ ೧೯೩೨

ತಂಗಿಗೆ,

'ಡಾಕ್ಟರ ಮುರುಗೆಪ್ಪನವರಿಗೆ' ಎಂದು ಬರೆದದ್ದನ್ನು ನರ್ಮದಾಳಿಗೆ ಓದಿ ತೋರಿಸಿ ಇಬ್ಬರೂ ನಕ್ಕೆವು. ನಿನ್ನ ಚೇಷ್ಟೆ ಕಡಿಮೆಯಾಗಿಲ್ಲ.

ಹನ್ನೊಂದು ರೂಪಾಯಿ ಮುಟ್ಟಿತು. ಅದನ್ನು ನೋಡಿ ನನಗೆಷ್ಟು ಸಂತೋಷವಾಯಿತೆಂದರೆ ಬರೆಯಲಾಗುವುದಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಮುಂದೆ ಯಾರಿಗೂ ಯಾವ ಸಂಕೋಚವೂ ಬೇಡ. ನಿಮ್ಮ ಮನೆಯಲ್ಲಿ ಯಾರಿಗೆ ಏನೇ ಆಗಲಿ, ನೇರವಾಗಿ ಇಲ್ಲಿಗೆ ಬರಬೇಕು, ಫಲಕದಲ್ಲಿ ಇದ್ದಷ್ಟು ಕೊಟ್ಟು ಹೋಗಬೇಕು. ಇದನ್ನು ಇಷ್ಟು ಸುಲಭವಾಗಿ ನೀವು ಒಪ್ಪಿಕೊಳ್ಳುತ್ತೀರೆಂದು ನಾನು ಎಣಿಸಿರಲಿಲ್ಲ.

ದೀಪಾವಳಿಗೆ ಬರುತ್ತೀಯಲ್ಲ?

ಅಣ್ಣ


ಶಿರೂರು
೧೬ ಜನವರಿ ೧೯೩೩

ಅಣ್ಣನಿಗೆ ನಮಸ್ಕಾರ.

ಸಂಕ್ರಮಣದ ಎಳ್ಳುಬೆಲ್ಲ ಕಳಿಸಿದ್ದೇನೆ. ದೀಪಾವಳಿಗೆ ಬರಲಾಗಲಿಲ್ಲ. ಹತ್ತಿಯ ಸುಗ್ಗಿ, ಮನೆಯಲ್ಲಿ ಆಳುಕಾಳು. ಇವರೂ ಈಗ ಪುಣೆಯ ಹೆಸರೆತ್ತಿದರೆ ಸುಮ್ಮನಾಗುತ್ತಾರೆ. ಯಾಕೆಂದು ನಾನು ಕೇಳಿಲ್ಲ. ಕೇಳಿದರೆ ನನ್ನ ಬಾಯಿಂದ ಏನಾದರೂ ಬಂದೀತೆಂದು ಹೆದರಿಕೆ.

ಎಳ್ಳು ಆರಿಸುವುದರಲ್ಲಿ ಕಲ್ಲು ಉಳಿದಿದ್ದರೆ ನರ್ಮದಾ ಬೈಯಬಾರದು.

ಸಾವಂತ್ರವ್ವ


ಪುಣೆ
೮ ಜುಲೈ ೧೯೩೩

ತಂಗಿ ಸಾವಂತ್ರವ್ವನಿಗೆ,

ಆರು ತಿಂಗಳಲ್ಲಿ ನಿನ್ನಿಂದ ಬಂದದ್ದು ಎರಡು ಕಾಗದ. ಅವನ್ನು ಕಾಗದವೆನ್ನಬೇಕೋ ಬೇಡವೋ ತಿಳಿಯದು. ಒಂದು ಸಾಲು ಏರಿದರೆ ಇನ್ನೊಂದು ಅದರ ಮೇಲೆಯೇ ಇಳಿದಿದೆ. ಅಕ್ಷರ ಅಂಗೈಯಷ್ಟು ದೊಡ್ಡವು. ಮನಸ್ಸಿಲ್ಲದೆ, ಒಲೆಯ ಮುಂದೆ ಕೂತು ಗೀಚಿದ ಹಾಗಿದೆ. ಕನ್ನಡ ಶಾಲೆಯ ಮಾಸ್ತರನ ಮಗಳು ನೀನು! ಅಪ್ಪ ಇದ್ದಿದ್ದರೆ ಇಬ್ಬರಿಗೂ ಬೀಳುತ್ತಿತ್ತು, ಬರೆದದ್ದಕ್ಕೆ ನಿನಗೆ, ಓದಿದ್ದಕ್ಕೆ ನನಗೆ.

ಸಿಟ್ಟೇನಾದರೂ ಇದ್ದರೆ ಬಾಯಿ ಬಿಟ್ಟು ಬರೆ. ದೊಡ್ಡಮನೆಯ ಸೊಸೆಗೆ ಅಣ್ಣನ ಬಾಡಿಗೆ ಮನೆ ಸಣ್ಣದಾಯಿತೇ?

ನನ್ನ ಕೆಲಸ ಮಾತ್ರ ಚೆನ್ನಾಗಿ ನಡೆದಿದೆ. ಈ ವರ್ಷ ಮೋತಿಬಿಂದು ಆಪರೇಶನ್ನುಗಳೇ ನೂರು ದಾಟಿದವು. ಹಡಪಸರದಿಂದ ಒಬ್ಬ ಅಜ್ಜಿ ಬಂದಿದ್ದಳು. ಎರಡು ವರ್ಷದಿಂದ ಕತ್ತಲೆಯಲ್ಲಿದ್ದವಳು ಎಂಟನೆಯ ದಿನ ಪಟ್ಟಿ ಬಿಚ್ಚಿದೊಡನೆ ಮಗನನ್ನು ನೋಡಿ, ಎಷ್ಟು ಸೊರಗೀಯಪ್ಪಾ ಎಂದು ಮರಾಠಿಯಲ್ಲಿ ಅತ್ತಳು. ಅವರು ಕೊಟ್ಟದ್ದು ಹದಿನೈದು ರೂಪಾಯಿ, ಒಂದು ಬುಟ್ಟಿ ಬದನೆಕಾಯಿ. ಉಳ್ಳವರಿಂದ ಎಪ್ಪತ್ತೈದು ಬಿಡದೆ ತೆಗೆದುಕೊಳ್ಳುತ್ತೇನೆ. ಅದರಲ್ಲಿ ನೆಂಟರು ಇಷ್ಟರು ಎಂದು ನೋಡುವುದಿಲ್ಲ. ಹಾಗೆ ನೋಡದೆ ಇದ್ದುದರಿಂದಲೇ ಎಲ್ಲರೂ ಧೈರ್ಯವಾಗಿ ಬರುತ್ತಾರೆ.

ಪಂಚಮಿಗೆ ದಾರಿ ನೋಡುತ್ತೇನೆ.

ಅಣ್ಣ


ಶಿರೂರು
೧೯ ಜುಲೈ ೧೯೩೩

ಅಣ್ಣನಿಗೆ,

ಸಿಟ್ಟಿಲ್ಲ. ಪಂಚಮಿಗೆ ಬರಲು ಆಗುವುದಿಲ್ಲ. ಇಂದೂಗೆ ಶಾಲೆಯಿದೆ.

ಸಾವಂತ್ರವ್ವ


ಪುಣೆ
೨೧ ನವೆಂಬರ್ ೧೯೩೩

ಸಾವಂತ್ರವ್ವನಿಗೆ,

ನಾಲ್ಕು ತಿಂಗಳಲ್ಲಿ ನಾನು ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ. ದೀಪಾವಳಿಗೆ ಕಳಿಸಿದ ಸೀರೆ ಮುಟ್ಟಿತೆಂದು ಒಂದು ಮಾತಿಲ್ಲ. ನರ್ಮದಾ ಅದನ್ನು ಆರಿಸಲು ಮೂರು ಅಂಗಡಿ ತಿರುಗಿದ್ದಳು.

ಈರಬಸಪ್ಪನವರ ಸ್ವಭಾವ ನನಗೆ ಗೊತ್ತು. ಅವರಿಗೆ ಬೇಕಾದಂತೆಯೇ ನಾನು ನಡೆದುಕೊಂಡಿದ್ದೇನೆ. ಆದರೂ ನಿನ್ನನ್ನು ಕಳಿಸುವುದಿಲ್ಲವೆಂದರೆ ನಾನಿನ್ನೇನು ಮಾಡಲಿ? ಅಥವಾ ಅವರ ಹೆಸರು ಮುಂದೆ ಮಾಡಿ ನೀನೇ ಬರುತ್ತಿಲ್ಲವೋ? ಅಣ್ಣ ಬೇಡವಾಗಿದ್ದರೆ ಬೇಡವೆಂದು ಬರೆದುಬಿಡು. ಕರೆದು ಕರೆದು ನನಗೂ ಸಾಕಾಗಿದೆ. ಇನ್ನು ನಾನು ಬರೆಯುವುದಿಲ್ಲ.

ಮುರುಗೆಪ್ಪ


ಶಿರೂರು
೨೦ ಫೆಬ್ರುವರಿ ೧೯೩೪

ಪೂಜ್ಯ ಮಾಮಾ ಅವರಿಗೆ ಇಂದೂ ಮಾಡುವ ನಮಸ್ಕಾರ.

ಈ ಪತ್ರ ಅವ್ವನಿಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿಲ್ಲ. ನನ್ನ ಕನ್ನಡ ತಪ್ಪಿದ್ದರೆ ಕ್ಷಮಿಸಬೇಕು.

ಅವ್ವನ ಕಣ್ಣು ಕಾಣುವುದಿಲ್ಲ. ಬಲಗಣ್ಣು ಪೂರ್ತಿ ಹೋಗಿದೆ. ಹೋದ ವರ್ಷದಿಂದಲೇ ಮಂಜು ಮಂಜು ಎನ್ನುತ್ತಿದ್ದಳು. ನಿಮ್ಮ ಕಾಗದಗಳನ್ನು ಬೇಸಿಗೆಯಿಂದ ನಾನೇ ಓದಿ ಹೇಳುತ್ತಿದ್ದೆ. ಕೊನೆಯದನ್ನೂ ನಾನೇ ಓದಿದೆ. ಓದುವಾಗ ಒಂದು ಸಾಲು ಬಿಟ್ಟೆ, ಅವ್ವನಿಗೆ ಗೊತ್ತಾಯಿತು, "ಪೂರಾ ಓದ" ಅಂದಳು. ಆಮೇಲೆ ಹಿಟ್ಟು ನಾದಲು ಹೋದಳು.

ಡಿಸೆಂಬರ ತಿಂಗಳಲ್ಲಿ ಸಂತೆಗೆ ಒಬ್ಬ ಕಣ್ಣಿನ ವೈದ್ಯ ಬಂದಿದ್ದ. ಊರೂರು ತಿರುಗುವವನು. ಮೋತಿಬಿಂದು ಇದೆ, ಸೂಜಿಯಿಂದ ಸರಿಸುತ್ತೇನೆ, ಐದು ರೂಪಾಯಿ ಎಂದ. ಅಪ್ಪ ನಗರ ಪಟ್ಟಣಕ್ಕೆ ಹೋಗಿದ್ದರು. ಅವ್ವ ಬೆಣ್ಣೆ ಮಾರಿದ ರೊಕ್ಕ ಕೊಟ್ಟಳು. ನಾನು ಅಳುತ್ತ, ಮಾಮಾನ ಕಡೆ ಹೋಗೋಣ ಅಂದೆ. ಅವ್ವ ಹೇಳಿದ್ದು: "ನಿಮ್ಮ ಮಾಮಾನ ಫಲಕದಾಗ ಎಪ್ಪತ್ತೈದು ಐತಿ. ನಿಮ್ಮಪ್ಪಗ ಹೆಂಗ ಕೇಳ್ಲಿ? ಕೇಳಿದ್ರ ನಮ್ಮಣ್ಣ ತಂಗೀ ಕಡೆ ರೊಕ್ಕ ತಗೋತಾನ ಅನ್ನೂದು ಗೊತ್ತಾಗ್ತೈತಿ." ಹೋದ ಸಲ ನಿಮ್ಮ ಬಿಲ್ಲು ಬಂದಾಗಲೂ ಅಪ್ಪ ಊರಲ್ಲಿರಲಿಲ್ಲ. ಟಪಾಲಿನವನು ಮನೆಗೆ ಕೊಟ್ಟು ಹೋದ. ಅವ್ವ ಅದನ್ನು ಅಪ್ಪನಿಗೆ ತೋರಿಸಲೇ ಇಲ್ಲ, ತನ್ನ ರೊಕ್ಕ ಕಳಿಸಿ ಬಿಲ್ಲನ್ನು ಒಲೆಗೆ ಹಾಕಿದಳು.

ವೈದ್ಯ ಸೂಜಿ ಚುಚ್ಚಿದ ಮೇಲೆ ಬೆರಳು ತೋರಿಸಿ ಎಷ್ಟು ಎಂದ. ಅವ್ವ ಎರಡು ಅಂದಳು. ಖರೇನೇ ಎರಡಿದ್ದವು. ಅವನು ಆಗಲೇ ರೊಕ್ಕ ತೆಗೆದುಕೊಂಡ, ಪಟ್ಟಿ ಕಟ್ಟಿ ವಾರ ಬಿಟ್ಟು ಬಿಚ್ಚಿ ಎಂದು ಹೋದ. ಮೂರನೆಯ ದಿನ ಕೀವು ಬಂತು. ಈಗ ಎಡಗಣ್ಣೂ ಕೆಂಪಾಗಿದೆ, ಬೆಳಕು ಕಂಡರೆ ಮುಚ್ಚಿಕೊಳ್ಳುತ್ತಾಳೆ. ಊರ ಔಷಧ ಹಾಕುತ್ತಿದ್ದಾರೆ.

ಮಾಮಾ, ನೀವು ಬರಬೇಕು. ಬಂದರೆ ನಾನು ಬರೆದೆನೆಂದು ಹೇಳಬೇಡಿ.

ಇಂದೂ


ಪುಣೆ
೨೬ ಫೆಬ್ರುವರಿ ೧೯೩೪

ತಂಗಿ,

ಇದನ್ನು ಇಂದೂ ಓದುತ್ತಾಳೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವಳೂ ತಿಳಿದುಕೊಳ್ಳಲಿ.

ಮೊನ್ನೆ ಶಿರೂರಿಗೆ ಬಂದು ನಿನ್ನ ಕಣ್ಣು ನೋಡಿದೆ. ಬಿಲ್ಲಿನ ಮಾತನ್ನು ಈರಬಸಪ್ಪನವರೇ ತೆಗೆದರು. "ಡಾಕ್ಟರ, ನಾ ಅಷ್ಟು ಕೇಳಿಕೊಂಡ್ರೂ ನೀವು ಬಿಲ್ಲ ಯಾಕ ಕಳಸಲಿಲ್ಲ? ಅದಕ್ಕ ನಾ ನಿಮ್ಮ ಬಾಗಲಾ ತುಳೀಲಿಲ್ಲ" ಎಂದರು. ನಾನು ಕಳಿಸಿದ್ದೆ, ರೊಕ್ಕವೂ ಬಂತಲ್ಲ ಎಂದೆ. ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ಆಗ ಮೂವರಿಗೂ ಪೂರ್ತಿ ತಿಳಿಯಿತು. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಾ ಬೇಡಿದ್ದು ಬಂದೂ ಬಂತು, ನನಗ ಮಾತ್ರ ಮುಟ್ಟಲಿಲ್ಲ" ಎಂದರಲ್ಲ, ಆ ಧ್ವನಿ ಇನ್ನೂ ಕಿವಿಯಲ್ಲಿದೆ.

ಅವರು ಕೊನೆಯ ಸಲ ಕಣ್ಣು ತೋರಿಸಲು ಬಂದ ದಿನ ದವಾಖಾನೆಯಲ್ಲಿ ನಡೆದದ್ದನ್ನು ನಿನಗೆ ಹೇಳಿದ್ದರೆ ಸಾಕಾಗಿತ್ತು. ಅವರು ಎರಡು ರೂಪಾಯಿ ಇಟ್ಟರು, ನಾನು ಹಿಂದಕ್ಕೆ ಕೊಟ್ಟೆ. "ಹಂಗಾದ್ರ ನಾನೂ ಬರಂಗಿಲ್ಲ, ನಮ್ಮ ಮನ್ಯಾಗಿನವರನ್ನೂ ಕಳಸಂಗಿಲ್ಲ. ಎಲ್ಲಾರಿಗೂ ಕಳಿಸಿದಾಂಗ ನನಗೂ ಬಿಲ್ಲ ಕಳಸ್ರಿ. ಸಾವಂತ್ರಿಗೆ ಹೇಳಬ್ಯಾಡ್ರಿ, ನೊಂದುಕೋತಾಳ" ಎಂದರು. ನೀನು ಬರುವ ದಾರಿ ಮುಚ್ಚಬಾರದೆಂದು ನಾನು ಬಿಲ್ಲು ಬರೆದೆ. ನಿನಗೆ ಹೇಳಬಾರದೆಂಬ ಮಾತನ್ನೂ ಉಳಿಸಿಕೊಂಡೆ. ಉಳಿಸಿಕೊಳ್ಳಬಾರದಾಗಿತ್ತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಿನ್ನ ಕಾಗದ ನನ್ನ ಕೈಯಲ್ಲೇ ಇತ್ತು. ಸಾಲಿನ ಮೇಲೆ ಸಾಲು, ಅಂಗೈಯಷ್ಟು ಅಕ್ಷರ. ಬೇರೆ ಯಾರದಾದರೂ ಆಗಿದ್ದರೆ ಇವರಿಗೆ ಕಣ್ಣು ಕಾಣುತ್ತಿಲ್ಲ ಎಂದು ಮೊದಲ ಸಾಲಿಗೇ ಹೇಳುತ್ತಿದ್ದೆ. ನನ್ನ ತಂಗಿಯದಾದ್ದರಿಂದ ಸಿಟ್ಟು ಎಂದು ಓದಿದೆ. ಡಿಸೆಂಬರಿನ ಮೊದಲ ವಾರ ನಾನು ನಿಮ್ಮೂರಿನಾಚೆಯ ನಗರ ಪಟ್ಟಣಕ್ಕೆ ಹೋಗುವಾಗ ಮೋಟಾರು ಶಿರೂರಿನಲ್ಲಿ ಅರ್ಧ ತಾಸು ನಿಂತಿತ್ತು. ನಾನು ಇಳಿಯಲಿಲ್ಲ. ಅವಳೇ ಬರೆಯಲಿ ಎಂಬ ಹಟ. ಆಗ ಆ ವೈದ್ಯ ಇನ್ನೂ ನಿಮ್ಮೂರಿಗೆ ಬಂದಿರಲಿಲ್ಲ.

ಈಗ ತಡಮಾಡುವ ಹೊತ್ತಲ್ಲ. ಕೆಟ್ಟ ಕಣ್ಣಿನ ಬೇನೆ ಒಳ್ಳೆಯ ಕಣ್ಣಿಗೆ ಹತ್ತಿದೆ. ಬಲಗಣ್ಣನ್ನು ತೆಗೆದು ಎಡಗಣ್ಣನ್ನು ಉಳಿಸಲು ನೋಡಬೇಕು. ಈ ಕಾಗದ ಮುಟ್ಟಿದ ಮರುದಿನದ ಮೋಟಾರಿಗೆ ಬಾ. ನನ್ನ ಆಪರೇಶನ್ ಮೇಜು ಖಾಲಿ ಇಟ್ಟಿದ್ದೇನೆ.

ಅಣ್ಣ


ಶಿರೂರು
೨ ಮಾರ್ಚ್ ೧೯೩೪

(ಅವ್ವ ಆಡಿದ ಮಾತನ್ನು ಆಡಿದ ಹಾಗೇ ಬರೆಯುತ್ತಿದ್ದೇನೆ. ಇಂದೂ.)

ಅಣ್ಣಾ,

ಪುಣೇಕ್ಕ ಬರ್ತೇನಿ. ಆದ್ರ ನಿನ್ನ ದವಾಖಾನಿಗೆ ಬ್ಯಾಡ. ಸರಕಾರಿ ದವಾಖಾನ್ಯಾಗ ಹೆಸರು ಹಚ್ಚಸು.

ಸಿಟ್ಟಿನಿಂದ ಹೇಳಾಕತ್ತಿಲ್ಲ. ನಾಕು ದಿನಾ ವಿಚಾರ ಮಾಡೇನಿ. ನೀ ರೊಕ್ಕ ತಗೊಂಡ್ರ ನನಗ ತವರಿಲ್ಲ. ತಗೊಳ್ಳಲಿಲ್ಲಂದ್ರ ಇವರು ಅಲ್ಲಿ ತಲಿ ತಗ್ಗಿಸಿ ಕೂಡಬೇಕು. ಇವರು ಈ ಎರಡು ತಿಂಗಳದಾಗ ಭಾಳ ಕುಗ್ಯಾರ, ಇನ್ನಷ್ಟು ಬ್ಯಾಡ. ಸರಕಾರದವರಿಗೆ ನಾವು ತಂಗೀನೂ ಅಲ್ಲ, ಬೀಗರೂ ಅಲ್ಲ. ಅವರು ಹೇಳಿದಷ್ಟು ಕೊಡೂದು, ಬರೂದು.

ಮತ್ತ, ನಿನ್ನ ಕೈಲೆ ಕೆಟ್ರ ನೀ ಮುಂದ ಯಾರ ಕಣ್ಣೂ ಮುಟ್ಟಂಗಿಲ್ಲ. ನನಗ ಗೊತ್ತೈತಿ. ಯಾರರೆ ಹೊರಗಿನವರು ಮಾಡ್ಲಿ.

ಸಾವಂತ್ರವ್ವ


ಪುಣೆ
೨೮ ಜೂನ್ ೧೯೩೪

ತಂಗಿ,

ನೀನು ಶಿರೂರಿಗೆ ಹೋಗಿ ಹದಿನೈದು ದಿನವಾಯಿತು. ಇಲ್ಲಿದ್ದಷ್ಟು ದಿನವೂ ಹೇಳದೆ ಉಳಿದ ಮಾತುಗಳಿವೆ.

ಸರಕಾರಿ ದವಾಖಾನೆಯಲ್ಲಿ ಹಾಸಿಗೆ ಸಿಗಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನವೂ ನೀನು ನನ್ನ ಮನೆಯ ನಡುಕೋಣೆಯಲ್ಲಿ ಮಲಗಿದ್ದೆ, ಕೆಳಗೆ ದವಾಖಾನೆಯಲ್ಲಿ ನನ್ನ ಮೇಜು ಖಾಲಿ ಇತ್ತು. ದಿನಾ ಬೆಳಿಗ್ಗೆ ನಿನ್ನನ್ನು ಎತ್ತಿಕೊಂಡು ಕೆಳಗೆ ಹೋಗಿಬಿಡಬೇಕೆಂದು ಮನಸ್ಸಾಗುತ್ತಿತ್ತು. ನಿನ್ನ ಮಾತಿಗೆ ಬೆಲೆ ಕೊಟ್ಟೆನೋ, ನನ್ನ ಕೈ ತಪ್ಪೀತೆಂದು ಹೆದರಿ ನಿನ್ನ ಮಾತನ್ನು ಆಸರೆ ಮಾಡಿಕೊಂಡೆನೋ, ಈಗಲೂ ನನಗೆ ತಿಳಿಯದು. ಹನ್ನೆರಡು ದಿನ ಮೊದಲಾಗಿದ್ದರೆ ಎಡಗಣ್ಣು ಉಳಿಯುತ್ತಿತ್ತೇ ಎಂದು ನರ್ಮದಾ ಕೇಳಿದಳು. ಉಳಿಯುತ್ತಿರಲಿಲ್ಲ ಎಂದೆ. ಅದು ನನಗೆ ಗೊತ್ತಿಲ್ಲ.

ನಿನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನೂ ಈರಬಸಪ್ಪನವರೂ ಫೀ ಕಟ್ಟುವ ಕಿಟಕಿಯ ಸಾಲಿನಲ್ಲಿ ನಿಂತೆವು. ಡಾಕ್ಟರಾದ ಇಪ್ಪತ್ತು ವರ್ಷದಲ್ಲಿ ನಾನು ಆ ಸಾಲಿನಲ್ಲಿ ನಿಂತದ್ದು ಅದೇ ಮೊದಲು. ಮುಂದಿದ್ದ ಮುದುಕನಿಗೆ ಗುಮಾಸ್ತ, ತಿಂಗಳಿಗೆ ಎಷ್ಟು ದುಡಿಯುತ್ತೀ, ಮನೆ ಸ್ವಂತದ್ದೋ, ಎಮ್ಮೆ ಇದೆಯೋ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದ. ಮುದುಕ ಒಂದೊಂದಕ್ಕೂ ಸಣ್ಣಗಾಗುತ್ತಿದ್ದ. 'ಇಲ್ಲದವರು ಡಾಕ್ಟರರನ್ನು ಕಾಣಬೇಕು' ಎಂದು ಬರೆಸಿದವನು ನಾನು. ಕಾಣಲು ಬಂದವರಿಗೆ ಏನಾಗುತ್ತಿತ್ತೆಂದು ಕೇಳಿಲ್ಲ.

ನಮಗೆ ಒಂದೂವರೆ ರೂಪಾಯಿ ಎಂದ. ಇಬ್ಬರೂ ಒಟ್ಟಿಗೆ ಜೇಬಿಗೆ ಕೈ ಹಾಕಿದೆವು. ಒಬ್ಬರ ಕೈ ಒಬ್ಬರು ಹಿಡಿದೆವು. ಹಿಂದಿನವರು ಬೈಯತೊಡಗಿದರು. ಆಗ ಅವರು ಕೈ ಹಿಂದಕ್ಕೆ ತೆಗೆದು, "ನೀವಽ ಕೊಡ್ರಿ ಡಾಕ್ಟರ. ನಿಮ್ಮ ತಂಗಿ" ಎಂದರು. ಇದನ್ನು ನಿನಗೆ ಹೇಳಬೇಡಿ ಎಂದು ಮತ್ತೆ ಕೇಳಿಕೊಂಡರು. ಈ ಸಲ ಹೇಳುತ್ತಿದ್ದೇನೆ.

ಅಲ್ಲಿಯ ಸರ್ಜನ್ ನನ್ನನ್ನು ಬದಿಗೆ ಕರೆದು, ಎಡಗಣ್ಣಿಗೆ ಹಗಲು ಇರುಳು ತಿಳಿಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ ಎಂದು ಹೇಳಿದ್ದು ಏಪ್ರಿಲಿನಲ್ಲಿ. ನಾನು ನಿನಗೆ ಬೇಸಿಗೆ ಕಳೆದರೆ ಸುಧಾರಿಸೀತು ಎಂದು ಹೇಳುತ್ತ ಬಂದೆ. ಸುಧಾರಿಸುವುದಿಲ್ಲ ತಂಗಿ. ಇದನ್ನು ಎದುರಿಗೆ ಹೇಳಲಾರದೆ ಇಂದೂನ ಬಾಯಿಂದ ಹೇಳಿಸುತ್ತಿದ್ದೇನೆ, ಅದಕ್ಕೂ ಕ್ಷಮಿಸು.

ಅಣ್ಣ


ಶಿರೂರು
೯ ಜುಲೈ ೧೯೩೪

ಅಣ್ಣಾ,

ಇಂದೂ ಅಳಕೋತ ಓದಿದ್ಳು. ನಾನಽ ಅಕೀನ ಸಮಾಧಾನ ಮಾಡ್ದೆ. ಸುಧಾರಸಂಗಿಲ್ಲ ಅನ್ನೂದು ನನಗ ಏಪ್ರಿಲ್‌ದಾಗಽ ಗೊತ್ತಿತ್ತು. ನೀ ದಿನಾ ಎರಡೆರಡು ಸಲ ಬಂದು ಸುಧಾರಿಸ್ತೈತಿ ಅನ್ನತಿದ್ದಿ. ಒಂದಽ ಸಲ ಅಂದಿದ್ರ ನಂಬತಿದ್ದೆ.

ಇವರು ರೊಕ್ಕದ ಕಿಟಕಿ ಮುಂದ ನಿನಗ ಬಿಟ್ಟುಕೊಟ್ಟದ್ದನ್ನ ನಾ ಕೇಳಿಲ್ಲದಾಂಗ ಇದ್ದೇನಿ. ಅವರ ಮುಂದ ಈ ಮಾತು ತಗೀಬ್ಯಾಡ. ಮನ್ನೆ ತಾವಽ ತಾಟಿನ್ಯಾಗ ರೊಟ್ಟಿ ಮುರದು ಕೊಟ್ರು. ಮದಿವಿ ಆಗಿ ಇಪ್ಪತ್ತಾರು ವರ್ಷದಾಗ ಇಲ್ಲದ್ದು.

ನೀ ನಿನ್ನ ತಪ್ಪು ಒಂದೊಂದಽ ಆರಿಸಿ ಬರದೀದಿ. ಬಿಲ್ಲ, ಕಾಗದಾ, ಮೋಟಾರ, ಹನ್ನೆರಡು ದಿನಾ. ಹಂಗ ಬರಕೋತ ಹೋದ್ರ ನನ್ನದೂ ಅದಾವು. ಆ ಬಿಲ್ಲ ಬಂದಾಗ "ಅಣ್ಣಾ, ಇದೇನು?" ಅಂತ ಎರಡು ಮಾತು ಬರೀಬೇಕಾಗಿತ್ತು. ಅಷ್ಟು ಕೇಳೂದು ನನಗ ಸಣ್ಣತನ ಅನಿಸ್ತು. ಹನ್ನೊಂದು ರೂಪಾಯಿ ನಿನ್ನ ಮುಖದ ಮ್ಯಾಲೆ ಒಗದಾಂಗ ಕಳಿಸಿದ್ರ ನಿನಗ ಹತ್ತೀತು ಅಂತ ತಿಳದೆ. ನೀ ಸಂತೋಷ ಆತು ಅಂತ ಬರದಿ. ಅವತ್ತ ನಾ ಎಷ್ಟು ಅತ್ತೆ ಅನ್ನೂದು ಇಂದೂಗ ಕೇಳು.

ಈ ಪಂಚಮಿಗೆ ಬರ್ತೇನಿ. ಇಂದೂ ಕೈ ಹಿಡಕೊಂಡು ಬರ್ತಾಳ. ಉಂಡಿ ಕಟ್ಟೂದಕ್ಕ ಕಣ್ಣು ಬೇಕಾಗಿಲ್ಲ.

ನರ್ಮದಾ ಹೇಳಿದ್ಳು, ನಿನ್ನ ಕೂದಲಾ ಪೂರಾ ಬೆಳ್ಳಗಾಗ್ಯಾವಂತ. ಹಲ್ಲೂ ಎರಡು ಬಿದ್ದಾವಂತ. ನಾ ನಂಬಲಿಲ್ಲ. ನಾ ನಿನ್ನ ಮುಖಾ ಕಡೀ ಸಲ ನೋಡಿದ್ದು ಎರಡು ವರ್ಷದ ಹಿಂದಿನ ಪಂಚಮಿಗೆ, ಮೋಟಾರ್ ಹತ್ತಿಸಾಕ ಬಂದಾಗ. ನನಗ ನೀ ಇನ್ನ ಹಂಗಽ ಇದ್ದಿ. ನನ್ನ ಕಣ್ಣು ಒಮ್ಮಿಗೇ ಹೋಗಲಿಲ್ಲ ಅಣ್ಣಾ. ಆ ಪಂಚಮಿ ಆದ ಮ್ಯಾಲೆ ಒಂದು ವರ್ಷ, ಮಂಜು ಮಂಜು ಇದ್ರೂ ಮಂದಿ ಮುಖಾ ಕಾಣತಿದ್ದವು. ಮೋಟಾರ್ ದಿನಾ ನಮ್ಮ ಮನೀ ಮುಂದಽ ಹೋಗತಿತ್ತು. ಆ ವರ್ಷ ನಾ ಬಂದು ನಿನ್ನ ನೋಡಬಹುದಾಗಿತ್ತು.

ಸಾವಂತ್ರವ್ವ